ಒಡೆಯನಿಲ್ಲದ ಮನೆಯ ಹೊರಗೋಡೆ

ಲಾಸಾ ನಗರದ ಬಳಿ 1419ರಲ್ಲಿ ಸ್ಥಾಪನೆಯಾದ ಸೆರಾ ಮಠದ ಕಟ್ಟಡ ಟಿಬೆಟ್ಟಿನಲ್ಲೇ ಉಳಿಯಿತು. 1959ರ ನಂತರ ಗಡಿ ದಾಟಿ ಬಂದ ಭಿಕ್ಷುಗಳು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಹೊಸದಾಗಿ ಕಟ್ಟಿಕೊಂಡದ್ದಕ್ಕೂ ಸೆರಾ ಎಂದೇ ಹೆಸರು. ಅಲ್ಲಿ ಓದುವ ಭಿಕ್ಷುವಿಗೆ ಅದು ನಕಲಲ್ಲ. ಅವರು ಹೊತ್ತು ತಂದದ್ದು ಪಾಠಕ್ರಮವನ್ನು, ಅಂಗಳದಲ್ಲಿ ಕೈ ತಟ್ಟಿ ವಾದಿಸುವ ಪದ್ಧತಿಯನ್ನು, ಗುರುಪರಂಪರೆಯನ್ನು. ಇದೇ ಜಿಲ್ಲೆಯ ಕೆ.ಆರ್. ನಗರದಲ್ಲಿರುವ ಎಡತೊರೆಯ ಅರ್ಕೇಶ್ವರನ ಗುಡಿಯಂಥ ಶಿವಾಲಯಗಳ ವಿಷಯದಲ್ಲಿ ಆಗಮಗಳೂ ಹೆಚ್ಚುಕಡಿಮೆ ಇದೇ ದಾರಿ ಹಿಡಿಯುತ್ತವೆ. ಗುಡಿ ಜೀರ್ಣವಾದರೆ ಕಳಾಕರ್ಷಣ ಮಾಡಿ ದೇವರ ಸಾನ್ನಿಧ್ಯವನ್ನು ಕಲಶಕ್ಕೆ ಇಳಿಸಿಕೊಂಡು, ಬಾಲಾಲಯದಲ್ಲಿಟ್ಟು ಪೂಜೆ ನಡೆಸುತ್ತಾರೆ. ಕೆಲಸ ಮುಗಿದ ಮೇಲೆ ಕುಂಭಾಭಿಷೇಕ. ಆ ನಡುವೆ ಗೋಡೆ ಬರೀ ಗೋಡೆ, ಬಿಚ್ಚಬಹುದು, ಬದಲಿಸಬಹುದು. ಇಂಥ ನಿದರ್ಶನಗಳನ್ನು ಹಿಡಿದು, ನಮ್ಮ ಪರಂಪರೆಗೆ ಕಲ್ಲು ಮಣ್ಣಿನ ಹಂಗಿಲ್ಲ, ಹಳೆಯ ಮನೆಯೊಂದನ್ನು ಸ್ಮಾರಕ ಮಾಡುವಾಗ ಗಾರೆ ಕಿತ್ತು ಸಿಮೆಂಟು ಮೆತ್ತಿ ಥಳಥಳ ಬಣ್ಣ ಹೊಡೆದರೆ ತಪ್ಪೇನು ಎಂದು ಕೇಳಬಹುದು. ಈ ತರ್ಕ ಗುಡಿಗೂ ಮಠಕ್ಕೂ ಸಲ್ಲುತ್ತದೆ. ಸ್ಮಾರಕವಾದ ಮನೆಗೆ ಸಲ್ಲದು ಎಂಬುದು ನನ್ನ ವಾದ.

ಗುಡಿಯಲ್ಲಿ ಪೂಜೆ, ಮಠದಲ್ಲಿ ಪಾಠ ಗೋಡೆಯನ್ನು ಮೀರಿ ಮುಂದುವರಿಯುತ್ತವೆ. ಮನೆ ಮನೆಯಾಗಿದ್ದಷ್ಟು ಕಾಲ ಅದಕ್ಕೂ ಅಂಥದೊಂದು ಬಾಳು ಇತ್ತು: ಒಲೆ, ಜಗಳ, ಬಾಣಂತನ, ಹಬ್ಬ. ಸ್ಮಾರಕವಾದ ದಿನ ಅದೆಲ್ಲ ನಿಂತಿತು. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಕಟ್ಟಿಸಿದ ಮನೆಯನ್ನೇ ನೋಡಿ. 2011ರಲ್ಲಿ ಕೆಡವಲು ತೊಡಗಿ, ಒಂದಷ್ಟು ಭಾಗ ಬಿದ್ದ ಮೇಲೆ ಕೆಲಸ ನಿಂತಿತು. ಮಹಾನಗರ ಪಾಲಿಕೆ ಅದನ್ನು ಕೊಂಡು, ದುರಸ್ತಿ ಮಾಡಿಸಿ, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ನಾರಾಯಣ್ 2001ರಲ್ಲಿ ಚೆನ್ನೈನಲ್ಲಿ ತೀರಿಕೊಂಡರು. ಅವರ ಕಾದಂಬರಿಗಳು ಆ ಮನೆಯ ನೆರವಿಲ್ಲದೆ ಓದುಗರ ಕೈಯಲ್ಲಿವೆ. ಹಾಗಾದರೆ ಮನೆಯಲ್ಲಿ ಉಳಿದದ್ದೇನು? ಎಂಟು ಕಿಟಕಿಗಳ ಆ ಬರವಣಿಗೆಯ ಕೋಣೆ ಯಾವ ಕಡೆಗೆ ತೆರೆದಿತ್ತು, ಬರೆಯುವವನ ಮೇಜಿಗೆ ಎಷ್ಟು ಬೆಳಕು ಬೀಳುತ್ತಿತ್ತು ಎಂಬ ಸಾಕ್ಷ್ಯ, ಅಷ್ಟೇ. ಅದಕ್ಕೆ ಸಾಕ್ಷಿ ಗೋಡೆಯೊಂದೇ. ರಥವೆಂಬುದು ಗಾಲಿ, ಅಚ್ಚು, ನೊಗಗಳ ಜೋಡಣೆಗೆ ಇಟ್ಟ ಹೆಸರು ಎಂದು ಬೌದ್ಧ ಭಿಕ್ಷು ನಾಗಸೇನ ಮಿಲಿಂದ ರಾಜನಿಗೆ ತೋರಿಸಿಕೊಟ್ಟದ್ದು ಓಡುವ ರಥಕ್ಕೆ ಸರಿಯೇ. ಗಾಲಿ ಬದಲಿಸಿದರೂ ಅದು ಓಡುತ್ತದೆ. ಮಿಲಿಂದ ಬಂದದ್ದು ಈ ರಥದಲ್ಲೇ ಹೌದೇ ಎಂದು ವಿಚಾರಿಸುವವನಿಗೆ ಮಾತ್ರ ಹಳೇ ಗಾಲಿಯ ಸವೆತವೇ ಬೇಕು.

ಹಳೆಯ ಗೋಡೆಯನ್ನೇ ಉಳಿಸಬೇಕೆಂಬುದು ಇಂಗ್ಲಿಷರಿಂದ ಕಲಿತ ಮಾತು ಎನ್ನಬಹುದು. ಹಳೆಯ ಚರ್ಚುಗಳ ಗೋಡೆ ಕೆರೆದು ಹೊಸದಾಗಿಸುವುದರ ವಿರುದ್ಧ ವಿಲಿಯಂ ಮಾರಿಸ್ 1877ರಲ್ಲಿ ಲಂಡನ್ನಿನಲ್ಲಿ ಸಂಘ ಕಟ್ಟಿದ್ದು ನಿಜ. ಆದರೆ ಅವನ ಕಾಳಜಿಯ ಮೂಲದಲ್ಲಿದ್ದದ್ದು ಕುಶಲಕರ್ಮಿಯ ಕೈ; ಆ ಕಾಳಜಿ ಒಂದು ದೇಶದ ಸ್ವತ್ತಲ್ಲ. ಸಿಂಹಳದ ಕಸುಬುದಾರರ ಬಗ್ಗೆ ಆನಂದ ಕುಮಾರಸ್ವಾಮಿ ಬರೆದ ಗ್ರಂಥ 1908ರಲ್ಲಿ ಅಚ್ಚಾದದ್ದು ಮಾರಿಸ್ ಬಳಸಿದ್ದ ಮುದ್ರಣಯಂತ್ರದಲ್ಲೇ. ನಾನು ಮಾರಿಸ್ ಜೊತೆ ಕೊನೆಯವರೆಗೆ ಹೋಗಲಾರೆ. ಪ್ರಾರ್ಥನೆ ನಡೆಯುತ್ತಿರುವ ಚರ್ಚನ್ನು ಬದಲಿಸುವ ಹಕ್ಕು ಅಲ್ಲಿ ಮಂಡಿಯೂರುವವರಿಗೆ ಇದೆ ಎಂದೇ ನನ್ನ ಎಣಿಕೆ. ಅವನ ಕಟ್ಟುನಿಟ್ಟು ಹೆಚ್ಚು ಒಪ್ಪುವುದು ಯಾರೂ ವಾಸಿಸದ ಮನೆಗೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ನಮ್ಮ ಹಳ್ಳಿಗಳಿಂದಲೇ ಬರುತ್ತದೆ. ಹುಣಸೂರು, ಎಚ್.ಡಿ. ಕೋಟೆ ಕಡೆಯ ಹೆಂಚಿನ ಮನೆಗಳಲ್ಲಿ ಮುಂಗಾರಿಗೆ ಮೊದಲು ಹೆಂಚು ಕೈಯಾಡಿಸಿ ಒಡೆದವನ್ನು ಬದಲಿಸುತ್ತಾರೆ, ಹಬ್ಬ ಬಂದರೆ ಸುಣ್ಣ ಬಳಿಯುತ್ತಾರೆ. ಹೊರಮೈ ಎಂದೂ ಮೂಲದ್ದಾಗಿರಲೇ ಇಲ್ಲವಲ್ಲ, ಏನನ್ನು ಉಳಿಸುವುದು? ಒಪ್ಪುತ್ತೇನೆ: ಸುಣ್ಣ ಇರುವುದೇ ಸವೆಯುವುದಕ್ಕೆ, ಅದನ್ನು ಮತ್ತೆ ಬಳಿಯಲೇಬೇಕು. ಆದರೆ ಅದು ಸವೆಯುವುದು ಹಿಂದಿನ ಗೋಡೆ ಸವೆಯದಿರಲೆಂದು. ಇಟ್ಟಿಗೆ ಮಣ್ಣಿನ ಗೋಡೆ ಹೀರಿದ ತೇವ ಸುಣ್ಣದ ಗಾರೆಯ ಮೂಲಕ ಆರಿಹೋಗುತ್ತದೆ. ಮೇಲೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಉಳಿದು, ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಇಟ್ಟಿಗೆ ಪುಡಿಯಾಗತೊಡಗುತ್ತದೆ. ಹಾಗಾಗಿ ಈ ಆಕ್ಷೇಪ ಸುಣ್ಣದ ಪರವೇ ಸಾಕ್ಷಿ ಹೇಳುತ್ತದೆ.

ಬಿದ್ದುಹೋದ ಭಾಗವನ್ನಂತೂ ಕಟ್ಟದೆ ವಿಧಿಯಿಲ್ಲ, ನೋಡಲು ಬರುವವರಿಗೆ ಹರಕು ಮುರುಕು ಮನೆ ತೋರಿಸಲೂ ಆಗದು. ಕಟ್ಟಲಿ, ಅಂದವಾಗಿಯೇ ಕಟ್ಟಲಿ. ಹಳೆಯ ಗೋಡೆ ಎಲ್ಲಿ ಮುಗಿದು ಹೊಸದು ಎಲ್ಲಿ ಶುರುವಾಯಿತು, ಕಟ್ಟಿದವರು ಯಾರು, ಯಾವ ವರ್ಷ ಎಂಬುದನ್ನು ಅಲ್ಲೇ ಬರೆದಿಡಲಿ. ಅದರಿಂದ ಮನೆಯ ಅಂದ ಕೆಡುತ್ತದೆ ಎನ್ನುವವರಿಗೆ ನಮ್ಮ ಶಾಸನಗಳನ್ನು ತೋರಿಸಬೇಕು. ಗುಡಿಯ ಜೀರ್ಣೋದ್ಧಾರ ಮಾಡಿಸಿದವರ ಹೆಸರು, ಸಂವತ್ಸರ, ಬಿಟ್ಟ ದತ್ತಿ ಇವನ್ನು ಹಳಬರು ಆ ಗುಡಿಯ ಕಲ್ಲಿನ ಮೇಲೆಯೇ ಕೆತ್ತಿಸುತ್ತಿದ್ದರು.