ತೇಪೆಯ ಧರ್ಮ

ಹರಿದುದನ್ನು ಮರೆಮಾಚುವುದು ಲೋಕರೂಢಿ. ಜಪಾನಿನ ‘ಸಾಶಿಕೊ’ ಹೊಲಿಗೆಯಾದರೋ ನೀಲಿ ಬಟ್ಟೆಯ ಮೇಲೆ ಬಿಳಿಯ ದಾರದಿಂದ ತೇಪೆಯನ್ನೇ ಎದ್ದು ಕಾಣಿಸುತ್ತದೆ. ಇದು ವಿಲಾಸದಿಂದ ಹುಟ್ಟಿದುದಲ್ಲ. ಎದೊ ಕಾಲದಲ್ಲಿ (1603–1868) ಹತ್ತಿ ಬೆಳೆಯದ ಉತ್ತರದ ಶೀತಪ್ರದೇಶದ ರೈತಸ್ತ್ರೀಯರು ನಾರುಬಟ್ಟೆಗೆ ಹಳೆಯ ಅರಿವೆಯ ಚೂರುಗಳನ್ನಿಟ್ಟು ಒತ್ತಾಗಿ ಹೊಲಿದು ಮನೆಯವರನ್ನು ಚಳಿಯಿಂದ ಕಾಪಾಡಿದರು. ತಲೆಮಾರುಗಳ ತೇಪೆ ಹೊತ್ತ ಇಂಥ ‘ಬೊರೊ’ ಬಟ್ಟೆಗಳು ಬಡತನದ ಗುರುತೆಂದು ಅವರ ಮಕ್ಕಳು ಮೊಮ್ಮಕ್ಕಳು ನಾಚಿದರು. ಇಂದು ಸಂಗ್ರಾಹಕರು ಅವನ್ನೇ ದುಬಾರಿ ಬೆಲೆ ತೆತ್ತು ಕೊಳ್ಳುತ್ತಾರೆ. ಹೊಸ ಬಟ್ಟೆಗೂ ತೇಪೆಯ ವೇಷ ತೊಡಿಸಲಾಗುತ್ತಿದೆ.

ಹಾಗಾದರೆ ತೇಪೆಯ ಹಿರಿಮೆ ಎಲ್ಲಿದೆ? ಬಡತನದಲ್ಲಿಲ್ಲ; ಆ ತಾಯಂದಿರು ಅದನ್ನು ಬಯಸಿ ಪಡೆದವರಲ್ಲ. ಬರಿಯ ಅಂದದಲ್ಲಿಯೂ ಇಲ್ಲ. ಕೈಗೆ ಬಂದುದನ್ನು ಬಿಸುಡದೆ ಉಳಿಸುವ ಹೊಣೆಯಲ್ಲಿದೆ. ಆ ಹೊಣೆಯೊಡನೆ ಬಂದ ಅಂದವು ಭೂಷಣ. ಹೊಣೆಯಿಲ್ಲದ ಅಂದವು ಅನ್ಯರ ಬವಣೆಯಿಂದ ಎರವು ತಂದ ಅಲಂಕಾರವಷ್ಟೆ. ಸೂಜಿ ಹಿಡಿಯುವವರು ಈ ಅಂತರವನ್ನರಿತರೆ ಸಾಕು.