ಆಪ್ತವಾಕ್ಯವೂ ನೀಲಿ ಬಟನ್ನೂ

ಹಿಲರಿ ಕ್ಲಿಂಟನ್ ಅವರ ಚುನಾವಣಾ ಪ್ರಚಾರದ ಹೊಣೆ ಹೊತ್ತಿದ್ದ ಜಾನ್ ಪೊಡೆಸ್ಟಾ ಅವರ ಜೀಮೇಲ್‌ಗೆ 2016ರ ಮಾರ್ಚ್ 19ರಂದು ಒಂದು ಎಚ್ಚರಿಕೆ ಬಂತು. ಯಾರೋ ಉಕ್ರೇನಿನಿಂದ ಪಾಸ್‌ವರ್ಡ್ ಬಳಸಿ ಒಳನುಗ್ಗಲು ನೋಡಿದ್ದಾರೆ, ತಡೆದಿದ್ದೇವೆ, ಕೂಡಲೇ ಬದಲಿಸಿ ಎಂಬ ಒಕ್ಕಣೆ. ಕೆಳಗೊಂದು ನೀಲಿ ಬಟನ್. ಸಹಿಯ ಜಾಗದಲ್ಲಿ ಜೀಮೇಲ್ ತಂಡ. ಕಳಿಸಿದ್ದು ರಷ್ಯದ ಸೇನಾ ಗುಪ್ತಚರರು ಎಂದು 2018ರ ಜುಲೈಯಲ್ಲಿ ಅಮೆರಿಕದ ದೋಷಾರೋಪ ಪಟ್ಟಿ ಹೇಳಿತು. ಕಳುವಾದ ಮೇಲ್‌ಗಳು 50,000ಕ್ಕೂ ಹೆಚ್ಚು.

ಪೊಡೆಸ್ಟಾ ಕಡೆಯವರು ಕಣ್ಣುಮುಚ್ಚಿ ನಂಬಿದರು ಎನ್ನುವಂತಿಲ್ಲ. ಮೇಲ್ ಹೆಲ್ಪ್‌ಡೆಸ್ಕಿಗೆ ಹೋಯಿತು. ಅಲ್ಲಿನ ಸಿಬ್ಬಂದಿ ‘ಇದು ಅಸಲಿ’ ಎಂದು ಉತ್ತರಿಸಿದ. ‘ಅಸಲಿಯಲ್ಲ’ ಎಂದು ಬರೆಯಹೊರಟಿದ್ದೆ, ಕೈತಪ್ಪಿತು ಎಂದು ಆಮೇಲೆ ಹೇಳಿದ. ಅದೇ ಉತ್ತರದಲ್ಲಿ ಗೂಗಲ್‌ನ ನಿಜವಾದ ಕೊಂಡಿಯನ್ನೂ ಕೊಟ್ಟಿದ್ದ. ಕ್ಲಿಕ್ಕಾದದ್ದು ಮಾತ್ರ ಹಳೆಯ ನೀಲಿ ಬಟನ್.

ನ್ಯಾಯದರ್ಶನದವರು ಕೂತು ಚರ್ಚಿಸಬೇಕಾದ ಪ್ರಕರಣವಿದು. ಅವರ ಪ್ರಕಾರ ಮಾತೂ ಪ್ರಮಾಣವೇ, ಆಡಿದವನು ಆಪ್ತನಾಗಿದ್ದರೆ. ವಿಷಯವನ್ನು ನೇರವಾಗಿ ಅರಿತು, ಅರಿತಂತೆಯೇ ತಿಳಿಸಬಯಸುವವನು ಆಪ್ತ. ಋಷಿಗಾಗಲಿ ಮ್ಲೇಚ್ಛನಿಗಾಗಲಿ ಲಕ್ಷಣ ಒಂದೇ ಎನ್ನುತ್ತಾನೆ ಭಾಷ್ಯಕಾರ ವಾತ್ಸ್ಯಾಯನ. ಹಾಗಾದರೆ ಗೂಗಲ್ಲಿಗೂ ಅಡ್ಡಿಯಿಲ್ಲ! ಮಾತು ಕೆಡುವುದಕ್ಕೆ ಶಾಸ್ತ್ರಗಳು ಎಣಿಸುವ ದೋಷಗಳು ಭ್ರಮೆ, ಪ್ರಮಾದ, ವಿಪ್ರಲಿಪ್ಸೆ, ಕರಣಾಪಾಟವ. ಪ್ರಮಾದವೆಂದರೆ ಅಜಾಗ್ರತೆ, ಕರಣಾಪಾಟವವೆಂದರೆ ಇಂದ್ರಿಯಗಳ ಕುಂದು, ವಿಪ್ರಲಿಪ್ಸೆಯೆಂದರೆ ಮೋಸಗೊಳಿಸುವ ಇಚ್ಛೆ. ಪೊಡೆಸ್ಟಾ ಪ್ರಕರಣದಲ್ಲಿ ಈ ಇಚ್ಛೆ ದೂರದಲ್ಲಿತ್ತು, ಪ್ರಮಾದ ಪಕ್ಕದಲ್ಲೇ ಇತ್ತು.

ಮೀಮಾಂಸಕ ಕುಮಾರಿಲ ಭಟ್ಟನಿಗೆ ಜ್ಞಾನ ಹುಟ್ಟುತ್ತಲೇ ಪ್ರಮಾಣ. ಸುಳ್ಳೆಂದು ತೋರಿಸುವ ಬಾಧಕ ಎದುರಾದಾಗಷ್ಟೇ ಅದನ್ನು ಕೈಬಿಡಬೇಕು. ನ್ಯಾಯದರ್ಶನದ ನೈಯಾಯಿಕರು ಒಪ್ಪುವುದಿಲ್ಲ. ಕಂಡದ್ದು ನೀರೇ ಎಂಬುದು ಹೋಗಿ ಕುಡಿದು ಬಾಯಾರಿಕೆ ತೀರಿದಾಗಲೇ ಖಚಿತವಾಗುತ್ತದೆ ಎನ್ನುತ್ತಾರೆ. ಫಿಶಿಂಗ್, ಅಂದರೆ ನಕಲಿ ಮೇಲ್‌ಗಳಿಂದ ಪಾಸ್‌ವರ್ಡ್ ಕದಿಯುವ ಕೆಲಸ, ಮಾಡುವವರು ಈ ಪರೀಕ್ಷೆಯನ್ನೂ ಕೆಡಿಸಿದ್ದಾರೆ. ಎಷ್ಟೋ ನಕಲಿ ಪುಟಗಳು ಪಾಸ್‌ವರ್ಡ್ ನುಂಗಿದ ಮೇಲೆ ಬಳಕೆದಾರರನ್ನು ಅಸಲಿ ಪುಟಕ್ಕೇ ದಾಟಿಸುತ್ತವೆ. ಬಾಯಾರಿಕೆಯೂ ತೀರುತ್ತದೆ, ಸಂಶಯವೂ ಹುಟ್ಟುವುದಿಲ್ಲ.

ಇನ್ನೊಂದು ತೊಡಕಿದೆ. ಕೇಳದೆಯೇ ಬಂದ ರೀಸೆಟ್ ಮೇಲ್ ಎಷ್ಟೋ ಸಲ ನಿಜಕ್ಕೂ ಕಂಪನಿಯದೇ ಆಗಿರುತ್ತದೆ. ಯಾರೋ ‘ಪಾಸ್‌ವರ್ಡ್ ಮರೆತಿದೆ’ ಎಂಬಲ್ಲಿ ಒತ್ತಿ ಇನ್ನೊಬ್ಬರ ವಿಳಾಸ ತುಂಬಿದರೆ ಸಾಕು. ಆ ಕೊಂಡಿಯನ್ನು ಮುಟ್ಟದೆ, ಅದರ ಕೋಡನ್ನು ಯಾರಿಗೂ ಹೇಳದೆ ಸುಮ್ಮನಿದ್ದರೆ, ಅಷ್ಟರಿಂದಲೇ ಪಾಸ್‌ವರ್ಡ್ ಬದಲಾಗುವುದಿಲ್ಲ. ಅಂದರೆ ಪತ್ರ ಅಸಲಿಯೋ ನಕಲಿಯೋ ಎಂಬ ವಾದಕ್ಕೆ ಇಳಿಯಲೇಬೇಕೆಂದಿಲ್ಲ. ವಿಳಾಸವನ್ನು ತಾನೇ ಟೈಪ್ ಮಾಡಿ ಖಾತೆಗೆ ಹೋಗಿ ನೋಡಿದವನಿಗೆ ಆ ಪತ್ರದ ಪ್ರಾಮಾಣ್ಯದ ಹಂಗಿಲ್ಲ. ಸಂಶಯವನ್ನು ಬಗೆಹರಿಸದೆಯೇ ಸರಿಯಾಗಿ ನಡೆದುಕೊಳ್ಳಬಹುದು. ಎರಡೂ ಪಂಥಗಳ ಜಗಳದಲ್ಲಿ ಈ ಸಾಧ್ಯತೆಗೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ.

ಪಾಸ್‌ವರ್ಡಿನ ಬದಲಿಗೆ ಬಳಸುವ ಪಾಸ್‌ಕೀ ನಂಬುವ ಕೆಲಸವನ್ನೇ ಯಂತ್ರಕ್ಕೆ ವಹಿಸುತ್ತದೆ. ಅದು ನೋಂದಾಯಿಸಿದ ತಾಣದಲ್ಲಷ್ಟೇ ತೆರೆದುಕೊಳ್ಳುತ್ತದೆ. ಒಂದಕ್ಷರ ಬೇರೆಯಾದ ನಕಲಿ ವಿಳಾಸಕ್ಕೆ ಜಪ್ಪಯ್ಯ ಎಂದರೂ ಬಗ್ಗದು. ನೈಯಾಯಿಕ ಮೆಚ್ಚುತ್ತಿದ್ದ. ಮೀಮಾಂಸಕ ತನ್ನ ಹಳೆಯ ಆಕ್ಷೇಪ ಎತ್ತುತ್ತಿದ್ದ: ಪರೀಕ್ಷಿಸುವುದನ್ನು ಪರೀಕ್ಷಿಸುವವರು ಯಾರು, ಇದು ಕೊನೆಯಿಲ್ಲದ ಅನವಸ್ಥೆಯಲ್ಲವೇ? ಫೋನ್ ಕಳೆದುಕೊಂಡವನಿಗೆ ಈ ಆಕ್ಷೇಪ ಬೇಗ ಅರ್ಥವಾಗುತ್ತದೆ. ಖಾತೆ ಮರಳಿ ಪಡೆಯಲು ಇಮೇಲ್ ಬೇಕು, ಇಮೇಲ್ ತೆರೆಯಲು ಮೊಬೈಲ್ ನಂಬರ್ ಬೇಕು, ನಂಬರಿಗೆ ಸಿಮ್ ಬೇಕು. ಆ ಸಿಮ್ಮನ್ನೂ ಸುಳ್ಳು ದಾಖಲೆ ತೋರಿಸಿ ಬೇರೊಬ್ಬ ಪಡೆದುಕೊಳ್ಳಬಲ್ಲ.