ಊರಿನ ಏಳುಬೀಳು ಮತ್ತು ಶ್ರಾವಕನ ಋಣ

ಸಂಪತ್ತು ಚಂಚಲವೆಂಬುದನ್ನು ಎಲ್ಲರೂ ಬಲ್ಲರು. ಆದರೆ ಊರುಗಳಿಗೂ ಇದೇ ನಿಯಮ ಅನ್ವಯಿಸುತ್ತದೆಂದು ನೆನೆಯುವವರು ವಿರಳ. ಚಾಮರಾಜನಗರ ತಾಲ್ಲೂಕಿನ ಉಮ್ಮತ್ತೂರು ಒಂದು ಕಾಲಕ್ಕೆ ವಿಜಯನಗರದ ಅರಸರನ್ನೇ ಎದುರಿಸಿದ ಪ್ರಬಲ ಪಾಳೆಯಗಾರರ ನೆಲೆಯಾಗಿತ್ತು. 1510-12ರ ದಂಡಯಾತ್ರೆಯಲ್ಲಿ ಕೃಷ್ಣದೇವರಾಯನು ಗಂಗರಾಜನನ್ನು ಸೋಲಿಸಿ ಶಿವನಸಮುದ್ರವನ್ನು ಗೆದ್ದ ಬಳಿಕ, ಆಡಳಿತದ ಕೇಂದ್ರ ಶ್ರೀರಂಗಪಟ್ಟಣಕ್ಕೆ ಸರಿಯಿತು. ಇಂದು ಉಮ್ಮತ್ತೂರು ಒಂದು ಗ್ರಾಮ ಮಾತ್ರ. ನೆರೆಯ ಅರಿಕುಠಾರವಾದರೋ 1818ರಲ್ಲಿ ಚಾಮರಾಜನಗರವೆಂಬ ಹೆಸರು ಪಡೆದು, 1997ರಲ್ಲಿ ಜಿಲ್ಲಾ ಕೇಂದ್ರವಾಯಿತು.

ಅರಸೊತ್ತಿಗೆ ಅಳಿದಾಗ ಮಾತ್ರವಲ್ಲ, ಜನರ ಅಭಿರುಚಿ ಬದಲಾದಾಗಲೂ ಊರು ಕುಸಿಯುತ್ತದೆ. ಇಂಗ್ಲೆಂಡಿನ ಮಾರ್ಗೇಟ್ ಸಮುದ್ರಸ್ನಾನಕ್ಕೆ ಹೆಸರಾದ ಪಟ್ಟಣ. ಮೊದಲು ಹಡಗುಗಳು, 1846ರಿಂದ ರೈಲು, ಲಂಡನ್ನಿನ ಜನರನ್ನು ಅಲ್ಲಿಗೆ ಕರೆತಂದವು. 1960ರ ದಶಕದ ನಂತರ ಅಗ್ಗದ ವಿಮಾನಯಾನ ಅದೇ ಜನರನ್ನು ಸ್ಪೇನಿನ ಬಿಸಿಲಿಗೆ ಒಯ್ದಿತು, ವಸತಿಗೃಹಗಳು ಬರಿದಾದವು. ಬಡರೋಗಿಗಳಿಗಾಗಿ 1791ರಲ್ಲಿ ಅಲ್ಲಿ ಸ್ಥಾಪಿತವಾದ ಆಸ್ಪತ್ರೆಯು ಊರಿನ ಏಳುಬೀಳುಗಳನ್ನೆಲ್ಲ ಕಂಡು 1996ರಲ್ಲಿ ಮುಚ್ಚಿತು. 2011ರಲ್ಲಿ ತೆರೆದ ಕಲಾಸಂಗ್ರಹಾಲಯ ಪ್ರವಾಸಿಗರನ್ನು ಮತ್ತೆ ಸೆಳೆಯಿತು.

ಇಲ್ಲಿ ಪ್ರಶ್ನೆಯೊಂದು ಏಳುತ್ತದೆ. ಊರಿನ ಏಳ್ಗೆಯಲ್ಲಿ ಲಾಭ ಪಡೆದವನಿಗೆ ಅದರ ಇಳಿಗಾಲದಲ್ಲಿ ಋಣವಿದೆಯೇ? ಎಲ್ಲವೂ ಅನಿತ್ಯ, ಆದ್ದರಿಂದ ಹೊರಡುವುದೇ ಸರಿ ಎಂದು ಕೆಲವರು ವಾದಿಸಬಹುದು. ಹೊಟ್ಟೆಪಾಡಿಗಾಗಿ ಊರು ಬಿಡುವುದು ದೋಷವಲ್ಲ. ವ್ಯಾಪಾರಿಯು ಗಿರಾಕಿಯಿಲ್ಲದ ಕಡೆ ಅಂಗಡಿ ಇಟ್ಟುಕೊಳ್ಳಲಾರ. ಆದರೆ ಅನಿತ್ಯಭಾವನೆಯು ಮಮಕಾರವನ್ನು ಸಡಿಲಿಸಲು ಹೇಳಿದ್ದೇ ಹೊರತು ಹೊಣೆಯನ್ನು ಕಳಚಿಕೊಳ್ಳಲು ಅಲ್ಲ. ಮಳಿಗೆಯನ್ನು ಬೇರೆಡೆಗೆ ಒಯ್ಯಬಹುದು. ಜಿನಾಲಯವನ್ನೂ ನಿಶ್ಶಕ್ತ ನೆರೆಯವನನ್ನೂ ಒಯ್ಯಲಾಗದು. ಲಾಭವನ್ನು ಜಮಾ ಬರೆದುಕೊಂಡವನು ಋಣವನ್ನು ಖಾತೆಯಿಂದ ಹೊಡೆದುಹಾಕಿದರೆ ಆ ಲೆಕ್ಕ ಶುದ್ಧವಾಗದು.

ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು 1117ರಲ್ಲಿ ಅರಿಕುಠಾರದಲ್ಲಿ ಕಟ್ಟಿಸಿದ ಬಸದಿ ಇಂದಿಗೂ ನಿಂತಿದೆ. ರಾಜವಂಶಗಳು ಅಳಿದವು, ಊರಿನ ಹೆಸರೇ ಬದಲಾಯಿತು. ಕಲ್ಲು ಗಟ್ಟಿಯೆಂದ ಮಾತ್ರಕ್ಕೆ ಪೂಜೆ ನಡೆಯುವುದಿಲ್ಲ. ಕಸ ಗುಡಿಸಿ ದೀಪ ಹಚ್ಚುವ ಕೈಗಳು ಬೇಕು. ಪಟ್ಟಣಗಳಲ್ಲಿ ನೆಲೆಸಿದ ಕುಟುಂಬಗಳೂ ವಿಶ್ವಸ್ತ ಮಂಡಳಿಗಳೂ ಹೊಸ ಬಸದಿಯ ಶಂಕುಸ್ಥಾಪನೆಗೆ ಮುನ್ನ, ಬಿಟ್ಟುಬಂದ ಊರಿನ ಹಳೆಯ ಬಸದಿಯ ಮಾಡು ಸೋರುತ್ತಿದೆಯೇ ಎಂದು ಒಮ್ಮೆ ವಿಚಾರಿಸುವುದು ಧರ್ಮ.